ಕಡಲ ಕಡೆಗೊಂದು ದಾರಿ: ಹೇಗ್ ನಗರ ಮತ್ತು ನಮ್ಮ ಅತಿಥಿಗಳು

(ಸಂಘದ ಬೇಸಗೆ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಸಂಘದವರು ನಮಗೆ ವಹಿಸಿದ ವಿಷಯ ಮೇಲುನೋಟಕ್ಕೆ ಹಗುರವಾದುದು. ಊರಿನಿಂದ ಬರುವ ತಂದೆತಾಯಿಗಳನ್ನೂ ನೆಂಟರನ್ನೂ ಈ ದೇಶದ ಕಡಲತೀರದ ನಗರವೊಂದರಲ್ಲಿ ಎಲ್ಲೆಲ್ಲಿಗೆ ಕರೆದೊಯ್ಯಬಹುದು, ಕಲೆ ಸಂಸ್ಕೃತಿಗಳ ದೃಷ್ಟಿಯಿಂದ ನೋಡತಕ್ಕದ್ದು ಏನು, ಬಯಲಿನಲ್ಲಿ ಕಾಲಾಡಿಸಲು ಎಲ್ಲಿ ಅನುಕೂಲ ಎಂದು ಹೇಳಬೇಕೆಂಬುದು ಅವರ ಅಪೇಕ್ಷೆ. ಇಷ್ಟೇ ಆದರೆ ಪ್ರವಾಸಿ ಕಚೇರಿಯ ಒಂದು ನಕ್ಷೆ ಸಾಕಾಗುತ್ತಿತ್ತು. ಆದರೆ ಈ ಪ್ರಶ್ನೆಯ ಹಿಂದೆ ನಮ್ಮ ಮನೆಗಳ ಇನ್ನೊಂದು ಸಂಗತಿ ಅಡಗಿದೆ.

ನಮ್ಮ ಹಿರಿಯರು ಇಲ್ಲಿಗೆ ಬರುವುದು ಹೆಚ್ಚೆಂದರೆ ತೊಂಬತ್ತು ದಿನಗಳಿಗೆ. ವೀಸಾದ ಕಟ್ಟಳೆಯೇ ಹಾಗಿದೆ. ಆ ತೊಂಬತ್ತು ದಿನಗಳಲ್ಲಿ ನಾವು ಕಚೇರಿಗೆ ಹೋಗುತ್ತೇವೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಹಗಲೆಲ್ಲ ಅವರು ಗಾಜಿನ ಕಿಟಕಿಯ ಹಿಂದೆ ಕುಳಿತು ಸೈಕಲ್ಲುಗಳನ್ನು ಎಣಿಸುತ್ತಾರೆ. ಶನಿವಾರ ಬಂದಿತೆಂದರೆ ಆ ಋಣ ತೀರಿಸುವ ಅವಸರ ನಮ್ಮದು. ಒಂದೇ ದಿನ ಟ್ಯೂಲಿಪ್ ತೋಟ, ಗಾಳಿಯಂತ್ರ, ದೋಣಿ ವಿಹಾರ, ಸಂಜೆಗೆ ಪಿಜ್ಜಾ. ಹಿಂದಿರುಗುವಾಗ ಅವರ ಬಳಿ ನೂರಾರು ಚಿತ್ರಗಳಿರುತ್ತವೆ. ಯಾವುದು ಎಲ್ಲಿಯದೆಂದು ಕೇಳಿದರೆ ನೆನಪಿರುವುದಿಲ್ಲ. ಮೊಮ್ಮಕ್ಕಳಿಗೂ ಅಜ್ಜ ಅಜ್ಜಿಯರಿಗೂ ನಡುವೆ ಮಾತಾಡಲು ಒಂದು ಸಮಾನ ವಸ್ತುವೂ ಉಳಿದಿರುವುದಿಲ್ಲ.

ಆದುದರಿಂದ ನಾವು ಇಂದು ಇಡೀ ದೇಶವನ್ನು ಬಿಟ್ಟು ಒಂದೇ ನಗರವನ್ನು, ಅದರಲ್ಲಿಯೂ ಒಂದೇ ದಾರಿಯನ್ನು ತೆಗೆದುಕೊಂಡಿದ್ದೇವೆ. ನಗರ ಹೇಗ್. ದಾರಿ ಆ ನಗರದ ನಡುವಿನಿಂದ ಸ್ಖೇವನಿಂಗನ್ ಕಡಲತೀರಕ್ಕೆ ಹೋಗುವುದು. ಇದನ್ನೇ ಆರಿಸಿದ್ದಕ್ಕೆ ಒಂದು ಕಾರಣವಿದೆ. ಈ ದಾರಿಯಲ್ಲಿ ಜನ ವಿಹಾರಕ್ಕೆಂದು ಹೋಗುವ ಹಲವು ಸ್ಥಳಗಳಿಗೆ ವಿಹಾರದ ಹಿಂದೆ ಮತ್ತೊಂದು ಕೆಲಸವಿದೆ. ಒಂದು ಊರನ್ನು ಕಾಯುತ್ತದೆ, ಒಂದು ಊರಿಗೆ ನೀರು ಕೊಡುತ್ತದೆ, ಒಂದು ಕಳೆದುಹೋದುದರ ನೆನಪನ್ನು ಹಿಡಿದಿಟ್ಟಿದೆ. ಆ ಹಿಂದಣ ಕೆಲಸವನ್ನು ತಿಳಿದು ನೋಡಿದರೆ ನೋಟ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದೇ ಈ ಉಪನ್ಯಾಸದ ಸಾರ.

ನಗರದ ನಡುವೆ

ಹೇಗ್ ಈ ದೇಶದ ರಾಜಧಾನಿಯಲ್ಲ, ರಾಜಧಾನಿ ಆಮ್‌ಸ್ಟರ್‌ಡ್ಯಾಮ್. ಆದರೆ ಸರಕಾರ, ಸಂಸತ್ತು, ರಾಯಭಾರ ಕಚೇರಿಗಳು ಇರುವುದು ಹೇಗ್‌ನಲ್ಲಿ. ಸಂಸತ್ತಿನ ಹಳೆಯ ಆವರಣವಾದ ಬಿನ್ನನ್‌ಹೋಫ್ ಹದಿಮೂರನೆಯ ಶತಮಾನದಲ್ಲಿ ಹಾಲೆಂಡಿನ ಕೌಂಟರ ಅರಮನೆಯಾಗಿ ಆರಂಭವಾದುದು. 2021ರಲ್ಲಿ ಅಲ್ಲಿ ದೊಡ್ಡ ಪ್ರಮಾಣದ ಜೀರ್ಣೋದ್ಧಾರ ಆರಂಭವಾದುದರಿಂದ, ಹೋಗುವ ಮುನ್ನ ಒಳಗೆ ಪ್ರವೇಶವಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಪಕ್ಕದ ಕೊಳದ ದಡದಲ್ಲಿ ನಿಂತು ನೋಡುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ.

ಆ ಕೊಳದ ಮೂಲೆಯಲ್ಲಿಯೇ ಮೌರಿಟ್ಸ್‌ಹೌಸ್ ಇದೆ. ಹಿರಿಯರನ್ನು ಕರೆದೊಯ್ಯಲು ಇದಕ್ಕಿಂತ ಅನುಕೂಲವಾದ ಚಿತ್ರಶಾಲೆ ಈ ದೇಶದಲ್ಲಿ ವಿರಳ. ಏಕೆಂದರೆ ಅದು ಚಿಕ್ಕದು. ಅರಮನೆಯಷ್ಟು ಅಂದ, ಮನೆಯಷ್ಟು ಅಳತೆ. ಮಂಡಿನೋವಿನವರೂ ಒಂದೂವರೆ ಗಂಟೆಯಲ್ಲಿ ನಿಧಾನವಾಗಿ ನೋಡಬಹುದು. ಹದಿನೆಂಟರೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. 1633ರಿಂದ 1644ರ ನಡುವೆ ಕಟ್ಟಿದ ಈ ಭವನ, ಡಚ್ ವಶದಲ್ಲಿದ್ದ ಬ್ರೆಜಿಲ್ ಪ್ರಾಂತದ ಗವರ್ನರ್ ಆಗಿದ್ದ ಯೋಹಾನ್ ಮೌರಿಟ್ಸ್‌ನ ಮನೆ. ಆ ಪ್ರಾಂತದ ಸಂಪತ್ತು ಸಕ್ಕರೆಯಿಂದ ಬಂದುದು, ಸಕ್ಕರೆ ಗುಲಾಮರ ದುಡಿಮೆಯಿಂದ ಬಂದುದು. ಇದನ್ನೂ ಮಕ್ಕಳಿಗೆ ಹೇಳಬೇಕು. 1822ರಲ್ಲಿ ಅದು ಸಾರ್ವಜನಿಕರ ವಸ್ತುಸಂಗ್ರಹಾಲಯವಾಯಿತು.

ಇಲ್ಲಿ ಎಲ್ಲವನ್ನೂ ನೋಡುವ ಹಟ ಬೇಡ, ಮೂರು ಚಿತ್ರಗಳು ಸಾಕು. ಮೊದಲನೆಯದು ರೆಂಬ್ರಾಂಟ್ 1632ರಲ್ಲಿ ಬರೆದ ಡಾಕ್ಟರ್ ತುಲ್ಪ್ ಅವರ ಶರೀರಶಾಸ್ತ್ರ ಪಾಠ. ನಿವೃತ್ತ ವೈದ್ಯರೋ ಅಧ್ಯಾಪಕರೋ ಆದ ಹಿರಿಯರು ಅದರ ಮುಂದೆ ತಾವೇ ಮಾತಿಗಾರಂಭಿಸುತ್ತಾರೆ. ಎರಡನೆಯದು ವರ್ಮೀರನ ಡೆಲ್ಫ್ಟ್ ನಗರದ ನೋಟ. ಮಳೆ ನಿಂತು ಮೋಡ ಸರಿದ ಮೇಲೆ ನೀರಿನಾಚೆಯ ಊರಿನ ಮೇಲೆ ಬೀಳುವ ಬೆಳಕು ಅದರಲ್ಲಿದೆ. ಶ್ರಾವಣದ ಹೊಳವನ್ನು ಬಲ್ಲ ನಮ್ಮವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮೂರನೆಯದು ಅದೇ ವರ್ಮೀರನ ಮುತ್ತಿನೋಲೆಯ ಹುಡುಗಿ. ಇಂದು ಜಗತ್ತೇ ಬಂದು ನೋಡುವ ಈ ಚಿತ್ರ 1881ರಲ್ಲಿ ಇದೇ ಹೇಗ್ ನಗರದ ಹರಾಜಿನಲ್ಲಿ ಎರಡು ಗಿಲ್ಡರಿಗೂ ಮೇಲೆ ಮೂವತ್ತು ಸೆಂಟಿನ ಶುಲ್ಕಕ್ಕೂ ಮಾರಾಟವಾಯಿತು. ಕೊಂಡವರು ತಮ್ಮ ಉಯಿಲಿನಲ್ಲಿ ಅದನ್ನು ಈ ಸಂಗ್ರಹಾಲಯಕ್ಕೆ ಬಿಟ್ಟುಕೊಟ್ಟರು. 1881 ಎಂಬ ಈ ಇಸವಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೊಮ್ಮೆ ಬರಲಿದೆ.

ನಗರದ ನಡುವೆ ನಮ್ಮ ನಾಡಿನ ಎರಡು ಗುರುತುಗಳೂ ಇವೆ. ಕೇಂದ್ರ ರೈಲು ನಿಲ್ದಾಣದ ಪಕ್ಕದಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳು ಕಪಾಟುಗಳಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಜೋಡಿಸಲ್ಪಟ್ಟಿವೆ. ಹದಿನೇಳನೆಯ ಶತಮಾನದಲ್ಲಿ ಕುಂದಾಪುರದ ಬಳಿಯ ಬಸರೂರಿನಲ್ಲಿ ಡಚ್ಚರ ಕೋಠಿಯಿತ್ತು. ಕೆಳದಿಯ ನಾಯಕರ ಸೀಮೆಯ ಮೆಣಸು ಮತ್ತು ಅಕ್ಕಿಗಾಗಿ ಅವರು ಅಲ್ಲಿಗೆ ಬರುತ್ತಿದ್ದರು. ನಾವು ಇಲ್ಲಿಗೆ ಬರುವುದಕ್ಕೆ ಮುನ್ನೂರು ವರ್ಷ ಮೊದಲೇ ಇವರು ನಮ್ಮ ಕಡಲತೀರಕ್ಕೆ ಬಂದಿದ್ದರೆಂಬುದು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ತಿಳಿಯುವುದು ಕಡಮೆ.

ಎರಡನೆಯ ಗುರುತು ಶಾಂತಿ ಅರಮನೆ. ಅಮೆರಿಕದ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಕೊಟ್ಟ ಹದಿನೈದು ಲಕ್ಷ ಡಾಲರಿನಿಂದ ಕಟ್ಟಿಸಿ 1913ರಲ್ಲಿ ತೆರೆದ ಈ ಕಟ್ಟಡದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವಿದೆ. ಭಾರತದ ಸಂವಿಧಾನ ರಚನಾ ಸಭೆಗೆ ಸಾಂವಿಧಾನಿಕ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾವ್ ಅವರು 1952ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿ ನ್ಯಾಯಾಧೀಶರಾಗಿದ್ದರು. ಅವರು ದಕ್ಷಿಣ ಕನ್ನಡದ ಕರಾವಳಿಯವರು, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಒಂದು ಕಡಲತೀರದಿಂದ ಇನ್ನೊಂದು ಕಡಲತೀರಕ್ಕೆ ಬಂದವರಲ್ಲಿ ನಾವೇ ಮೊದಲಿಗರಲ್ಲ ಎಂದು ಹೇಳಲು ಆ ಕಬ್ಬಿಣದ ದ್ವಾರದ ಮುಂದಿನ ಐದು ನಿಮಿಷ ಸಾಕು.

ಚಿತ್ರದೊಳಗಿನ ಕಡಲು

ನಗರದಿಂದ ಕಡಲಿಗೆ ಹೋಗುವ ದಾರಿಗೆ ಸ್ಖೇವನಿಂಗ್ಸೆವೇಖ್ ಎಂದು ಹೆಸರು. ಕವಿಯೂ ರಾಜತಂತ್ರಜ್ಞನೂ ಆಗಿದ್ದ ಕಾನ್‌ಸ್ಟಂಟೈನ್ ಹೌಖನ್ಸ್‌ನ ಕಲ್ಪನೆಯಂತೆ 1663ರಿಂದ 1665ರ ಅವಧಿಯಲ್ಲಿ ಮರಳುದಿಬ್ಬಗಳನ್ನು ಸೀಳಿ ಈ ರಸ್ತೆಗೆ ಕಲ್ಲು ಹಾಸಿದರು. ಬೆಸ್ತರ ಹೆಂಗಸರು ಮೀನಿನ ಬುಟ್ಟಿ ಹೊತ್ತು ನಗರಕ್ಕೆ ನಡೆಯುತ್ತಿದ್ದುದು ಇದೇ ಕಡೆಯಿಂದ. ದೇಶದ ಮೊಟ್ಟಮೊದಲ ಕುದುರೆ ಟ್ರಾಮ್ 1864ರಲ್ಲಿ ಓಡಿದುದೂ ಹೇಗ್ ಮತ್ತು ಸ್ಖೇವನಿಂಗನ್ ನಡುವೆಯೇ. ಇಂದು ಡೆಲ್ಫ್ಟ್‌ನಿಂದ ಹೊರಟು ಹೇಗ್ ನಗರದ ನಡುವೆ ಹಾದು, ಶಾಂತಿ ಅರಮನೆಯನ್ನು ಮುಟ್ಟಿ ಕಡಲಿಗೆ ಹೋಗುವ ಒಂದನೆಯ ನಂಬರಿನ ಟ್ರಾಮ್ ಈ ಮರಗಳ ಸಾಲಿನಲ್ಲಿಯೇ ಸಾಗುತ್ತದೆ. ಕಾರನ್ನು ಮನೆಯಲ್ಲಿ ಬಿಟ್ಟು ಇದರಲ್ಲಿಯೇ ಕರೆದುಕೊಂಡು ಹೋಗಿ. ಹಿರಿಯರಿಗೆ ಕಿಟಕಿಯ ಪಕ್ಕದ ಆಸನವೇ ಅರ್ಧ ಪ್ರವಾಸ.

ಆದರೆ ಕಡಲನ್ನು ನೋಡುವ ಮೊದಲು ನಡುದಾರಿಯಲ್ಲಿ ಇಳಿದು ಸೇಸ್ಟ್ರಾಟ್‌ನಲ್ಲಿರುವ ಪನೋರಾಮಾ ಮೆಸ್ಡಾಖ್ ಎಂಬ ಕಟ್ಟಡವನ್ನು ಹೊಕ್ಕು ಬರಬೇಕು. ಕತ್ತಲೆಯ ಓಣಿಯೊಂದನ್ನು ದಾಟಿ ಮೆಟ್ಟಿಲು ಹತ್ತಿದರೆ ಒಂದು ಮರಳುದಿಬ್ಬದ ನೆತ್ತಿಯ ಮೇಲೆ ನಿಂತಂತಾಗುತ್ತದೆ. ಸುತ್ತಲೂ ಕಡಲು, ದೋಣಿಗಳು, ಬೆಸ್ತರ ಹಳ್ಳಿ, ದೂರದಲ್ಲಿ ಹೇಗ್ ನಗರದ ಗೋಪುರಗಳು. ಎಲ್ಲವೂ ಚಿತ್ರ. ಸುಮಾರು 14 ಮೀಟರ್ ಎತ್ತರ, 120 ಮೀಟರ್ ಸುತ್ತಳತೆಯ ಒಂದೇ ಬಟ್ಟೆ. ಕೆಳಗೆ ನಿಜವಾದ ಮರಳು ಹರಡಿ ಚಿತ್ರದ ಅಂಚನ್ನು ಮರೆಮಾಡಿದ್ದಾರೆ. ಬೆಳಕು ಮೇಲಿನ ಗಾಜಿನಿಂದ ಬರುವುದರಿಂದ, ಹೊರಗೆ ಮೋಡ ಕವಿದರೆ ಒಳಗಿನ ಕಡಲೂ ಮಂಕಾಗುತ್ತದೆ.

ಇದನ್ನು ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಖ್ ತನ್ನ ಪತ್ನಿ ಸಿಂತ್ಯೆ ಮತ್ತು ಇತರ ಕಲಾವಿದರೊಡಗೂಡಿ ಕೆಲವೇ ತಿಂಗಳುಗಳಲ್ಲಿ ಬರೆದು ಮುಗಿಸಿದುದು 1881ರಲ್ಲಿ. ಮುತ್ತಿನೋಲೆಯ ಹುಡುಗಿ ಎರಡು ಗಿಲ್ಡರಿಗೆ ಮಾರಾಟವಾದ ಅದೇ ವರ್ಷ. ಆತ ನಿಂತು ನೋಡಿದ ದಿಬ್ಬದ ಹೆಸರು ಸೈನ್‌ಪೋಸ್ಟ್. ಆ ದಿಬ್ಬ ಇಂದು ಇಲ್ಲ. ಕಡಲ ಗಾಳಿ ಸೇವಿಸಲು ಬರುವ ಶ್ರೀಮಂತರಿಗಾಗಿ ಉಪಾಹಾರ ಗೃಹ ಕಟ್ಟಬೇಕೆಂದು ಅದನ್ನು ನೆಲಸಮ ಮಾಡಿದರು. ಚಿತ್ರ ಬರೆಸಿದ ಕಂಪನಿ ಐದು ವರ್ಷದಲ್ಲಿ ದಿವಾಳಿಯಾದಾಗ ಮೆಸ್ಡಾಖ್ ತಾನೇ ಹಣ ಕೊಟ್ಟು ಚಿತ್ರವನ್ನು ಉಳಿಸಿಕೊಂಡ. ಹೀಗೆ, ವಿಹಾರಕ್ಕಾಗಿ ಅಳಿಸಿಹೋದ ತೀರವೊಂದು ಇನ್ನೊಂದು ವಿಹಾರದೊಳಗೆ ಉಳಿದುಕೊಂಡಿದೆ.

ಈ ಚಿತ್ರದ ಮುಂದೆ ಅಜ್ಜ ಅಜ್ಜಿಯರನ್ನು ಕೂರಿಸಿ, ನಿಮ್ಮ ಊರು ನಿಮ್ಮ ಬಾಲ್ಯದಲ್ಲಿ ಹೇಗಿತ್ತು ಎಂದು ಮೊಮ್ಮಕ್ಕಳಿಂದ ಕೇಳಿಸಿ ನೋಡಿ. ಮಲ್ಪೆಯವರಾದರೆ ರಂಪಣಿ ಬಲೆಯನ್ನು ಊರಿಗೆ ಊರೇ ಸೇರಿ ಎಳೆಯುತ್ತಿದ್ದುದನ್ನು ಹೇಳುತ್ತಾರೆ. ಬಯಲುಸೀಮೆಯವರಾದರೆ ಬತ್ತಿಹೋದ ಕೆರೆಯನ್ನೋ ಕಡಿದುಹಾಕಿದ ಗುಂಡುತೋಪನ್ನೋ ನೆನೆಯುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ಸೈನ್‌ಪೋಸ್ಟ್ ದಿಬ್ಬವಿದೆ.

ನಿಜವಾದ ಕಡಲು

ಮತ್ತೆ ಟ್ರಾಮ್ ಹತ್ತಿದರೆ ಹದಿನೈದು ನಿಮಿಷದೊಳಗೆ ಸ್ಖೇವನಿಂಗನ್. ಈ ಹೆಸರನ್ನು ಉಚ್ಚರಿಸುವುದೇ ಒಂದು ಕಸರತ್ತು. ಎರಡನೆಯ ಮಹಾಯುದ್ಧದಲ್ಲಿ ವೇಷ ಮರೆಸಿದ ಜರ್ಮನರನ್ನು ಗುರುತಿಸಲು ಈ ಹೆಸರನ್ನು ಹೇಳಿಸುತ್ತಿದ್ದರೆಂಬ ಮಾತು ಇಲ್ಲಿ ಪ್ರಚಲಿತ. ನಮ್ಮ ಹಿರಿಯರು ಧೈರ್ಯವಾಗಿ ‘ಶೇವನಿಂಗ್’ ಎನ್ನಲಿ, ಟ್ರಾಮಿನವನಿಗೆ ಅರ್ಥವಾಗುತ್ತದೆ.

ಈ ಊರು ಮೊದಲಿನಿಂದಲೂ ವಿಹಾರಧಾಮವಲ್ಲ. ಇದು ಬೆಸ್ತರ ಹಳ್ಳಿ. 1570ರ ಮಹಾಪ್ರವಾಹದಲ್ಲಿ ಕಡಲು ಹಳ್ಳಿಯ ದೊಡ್ಡ ಭಾಗವನ್ನೇ ನುಂಗಿತು. ಕೈಸರ್‌ಸ್ಟ್ರಾಟ್‌ನ ತುದಿಯಲ್ಲಿ, ಕಡಲಿಗೆ ತೀರ ಹತ್ತಿರದಲ್ಲಿ ಕಾಣುವ ಹಳೆಯ ಚರ್ಚು ಒಂದು ಕಾಲಕ್ಕೆ ಊರಿನ ನಡುವೆ ಇತ್ತು. 1818ರಲ್ಲಿ ಯಾಕೋಬ್ ಪ್ರಾಂಕ್ ಎಂಬಾತ ಮರದ ಹಲಗೆಯ ಪುಟ್ಟ ಸ್ನಾನಗೃಹವೊಂದನ್ನು ಕಟ್ಟಿದ. ಕಡಲ ನೀರಿನ ಸ್ನಾನ ಆರೋಗ್ಯಕ್ಕೆ ಒಳ್ಳೆಯದೆಂಬ ನಂಬಿಕೆ ಹಬ್ಬಿ, 1885ರಲ್ಲಿ ಕುರ್‌ಹೌಸ್ ಎಂಬ ವೈಭವದ ಹೋಟೆಲು ಎದ್ದಿತು. ಮರುವರ್ಷವೇ ಅದು ಬೆಂಕಿಗೆ ಆಹುತಿಯಾಗಿ 1887ರಲ್ಲಿ ಮತ್ತೆ ತಲೆಯೆತ್ತಿತು. 1901ರಲ್ಲಿ ಕಡಲೊಳಗೆ ಚಾಚಿದ ವಿಹಾರಸೇತುವೆ ಬಂತು. ಅದು 1943ರಲ್ಲಿ ಸುಟ್ಟುಹೋಯಿತು. ಈಗ ನಾವು ನಡೆಯುವ ಸೇತುವೆ 1961ರದು.

ಅತ್ತ ಬೆಸ್ತರಿಗೆ ಬಂದರೇ ಇರಲಿಲ್ಲ. ಚಪ್ಪಟೆ ತಳದ ದೋಣಿಗಳನ್ನು ಮರಳಿನ ಮೇಲಕ್ಕೆ ಎಳೆದು ನಿಲ್ಲಿಸುತ್ತಿದ್ದರು. 1894ರ ಡಿಸೆಂಬರಿನ ಬಿರುಗಾಳಿಯಲ್ಲಿ ಆ ದೋಣಿಗಳು ಒಂದಕ್ಕೊಂದು ಅಪ್ಪಳಿಸಿ ಅಪಾರ ಹಾನಿಯಾದ ಮೇಲೆ, 1904ರಲ್ಲಿ ಬಂದರು ತೆರೆಯಿತು. ಬುಲೆವಾರ್ಡಿನ ಮೇಲೆ ಸಾಂಪ್ರದಾಯಿಕ ಉಡುಪಿನ ಬೆಸ್ತರ ಹೆಂಗಸೊಬ್ಬಳ ಪ್ರತಿಮೆ ಕಡಲ ಕಡೆ ನೋಡುತ್ತ ನಿಂತಿದೆ. ಮೀನುಗಾರಿಕೆಗೆ ಹೋಗಿ ಮರಳಿ ಬಾರದವರ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ. ಉಡುಪಿ, ಮಂಗಳೂರು, ಕಾರವಾರದ ಕಡೆಯ ಹಿರಿಯರಿಗೆ ಆ ಪ್ರತಿಮೆಯ ಭಾಷೆ ಹೇಳಿಕೊಡಬೇಕಾಗಿಲ್ಲ. ಜೂನ್ ತಿಂಗಳಿನಲ್ಲಿ ಹೊಸ ಹೆರಿಂಗ್ ಮೀನು ಬಂದಾಗ ಬಂದರಿನಲ್ಲಿ ದೋಣಿಗಳಿಗೆ ಬಾವುಟ ಕಟ್ಟಿ ಹಬ್ಬ ಮಾಡುತ್ತಾರೆ. ಹೆರಿಂಗ್ ನಮ್ಮ ಬೂತಾಯಿಯ ಕುಲದ್ದೇ. ಇವರು ಅದನ್ನು ಈರುಳ್ಳಿಯೊಡನೆ ಹಸಿಯಾಗಿಯೇ ನುಂಗುವುದನ್ನು ನಮ್ಮ ಮೀನು ತಿನ್ನುವ ಹಿರಿಯರು ಕೂಡ ದೂರದಿಂದ ನೋಡುವುದುಂಟು.

1882ರ ಆಗಸ್ಟಿನಲ್ಲಿ ಹೇಗ್‌ನಲ್ಲಿ ವಾಸವಾಗಿದ್ದ ವಿನ್ಸೆಂಟ್ ವಾನ್ ಗೋ ಇದೇ ತೀರದಲ್ಲಿ ಬಿರುಗಾಳಿಯ ನಡುವೆ ನಿಂತು ಚಿತ್ರ ಬರೆದ. ಗಾಳಿಗೆ ಹಾರಿದ ಮರಳು ಹಸಿ ಬಣ್ಣಕ್ಕೆ ಅಂಟಿಕೊಂಡಿತು. ಆ ಚಿತ್ರ 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಗ್ರಹಾಲಯದಿಂದ ಕಳುವಾಗಿ 2016ರಲ್ಲಿ ಇಟಲಿಯಲ್ಲಿ ಸಿಕ್ಕಿತು. ಸ್ಖೇವನಿಂಗನ್ ಮರಳಿನ ಕಣಗಳು ಇಂದಿಗೂ ಅದರಲ್ಲಿವೆ. ತಮ್ಮ ಬೂಟಿನಲ್ಲಿ ತುಂಬಿದ ಮರಳಿಗಾಗಿ ಗೊಣಗುವ ಮಕ್ಕಳಿಗೆ ಹೇಳಲು ತಕ್ಕ ಕತೆ.

ಇನ್ನು ಬುಲೆವಾರ್ಡಿನ ಗುಟ್ಟು. ಜನ ಐಸ್‌ಕ್ರೀಂ ಹಿಡಿದು ಅಡ್ಡಾಡುವ ಆ ಏರಿಳಿತದ ವಿಹಾರಪಥದ ಹೊಟ್ಟೆಯೊಳಗೆ ಸುಮಾರು ಒಂದು ಕಿಲೋಮೀಟರ್ ಉದ್ದದ ಒಡ್ಡು ಇದೆ. ದೇಶದ ಕಡಲ ರಕ್ಷಣೆಯಲ್ಲಿ ದುರ್ಬಲ ಕೊಂಡಿಗಳೆಂದು ಗುರುತಿಸಿದ ಸ್ಥಳಗಳಲ್ಲಿ ಸ್ಖೇವನಿಂಗನ್ ಒಂದಾಗಿತ್ತು. ಬಾರ್ಸಿಲೋನಾದ ವಾಸ್ತುಶಿಲ್ಪಿ ಮಾನ್ವೆಲ್ ದೆ ಸೊಲಾ-ಮೊರಾಲೆಸ್ ಒಡ್ಡನ್ನು ಗೋಡೆಯಾಗಿ ಎಬ್ಬಿಸದೆ ವಿಹಾರಪಥದೊಳಗೆ ಅಡಗಿಸಿದರು. 2013ರಲ್ಲಿ ಅದು ಪೂರ್ಣಗೊಂಡಿತು. ಊರಿನ ಕೋಟೆಗೋಡೆಯ ಮೇಲೆ ನಿಂತಿದ್ದೇವೆಂದು ಅಲ್ಲಿ ಅಡ್ಡಾಡುವ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ನೀರು ಕೊಡುವ ಮರಳು

ಸ್ಖೇವನಿಂಗನ್ನಿನ ಗದ್ದಲ ಸಾಕೆನಿಸಿದವರು ಉತ್ತರಕ್ಕೆ, ವಾಸ್ಸನಾರ್ ಕಡೆಗೆ ಹಬ್ಬಿರುವ ಮೈಯೆಂಡೆಲ್ ಮರಳುದಿಬ್ಬಗಳಿಗೆ ಹೋಗಬಹುದು. ಸೈಕಲ್ಲಿಗೂ ನಡಿಗೆಗೂ ಬೇರೆ ಬೇರೆ ದಾರಿಗಳಿವೆ. ವಸಂತದಲ್ಲಿ ನೈಟಿಂಗೇಲ್ ಹಕ್ಕಿಯ ಹಾಡು, ಶರತ್ಕಾಲದಲ್ಲಿ ಮುಳ್ಳುಪೊದೆಗಳ ತುಂಬ ಕಿತ್ತಳೆ ಬಣ್ಣದ ಕಾಯಿಗೊಂಚಲು, ಅದೃಷ್ಟವಿದ್ದರೆ ನರಿಯೋ ಜಿಂಕೆಯೋ ಕಣ್ಣಿಗೆ ಬೀಳುತ್ತದೆ. ನಡುವೆ ಸಂದರ್ಶಕರ ಕೇಂದ್ರವೂ ಪ್ಯಾನ್‌ಕೇಕ್ ದೊರೆಯುವ ಹಳೆಯ ತೋಟದ ಮನೆಯೂ ಉಂಟು.

ಈ ದಿಬ್ಬಗಳು ಹೇಗ್ ನಗರದ ಬಾವಿ. 1874ರಿಂದ ನಗರದ ಕುಡಿಯುವ ನೀರು ಇಲ್ಲಿಂದ ಬರುತ್ತಿದೆ. ಮೊದಲು ಮರಳಿನಲ್ಲಿ ತಾನಾಗಿ ಇಂಗಿದ ಮಳೆನೀರನ್ನೇ ತೆಗೆಯುತ್ತಿದ್ದರು. ತೆಗೆದದ್ದು ಹೆಚ್ಚಾಗಿ ದಿಬ್ಬಗಳು ಒಣಗಿದವು, ತಳದ ಉಪ್ಪುನೀರು ಮೇಲೇರತೊಡಗಿತು. ಆಗ, 1955ರಿಂದ, ದೂರದ ನದಿಯ ನೀರನ್ನು ಕೊಳವೆಗಳಲ್ಲಿ ತಂದು ದಿಬ್ಬಗಳ ನಡುವಿನ ಕೊಳಗಳಿಗೆ ಬಿಟ್ಟು ಮರಳಿನಲ್ಲಿ ಇಂಗಿಸತೊಡಗಿದರು. ಇಂದು ಈ ನೀರು ಮಾಸ್ ನದಿಯ ಒಂದು ಕವಲಿನಿಂದ ಬರುತ್ತದೆ. ಸುಮಾರು ಎರಡು ತಿಂಗಳು ಮರಳಿನೊಳಗೆ ಹರಿದು ಶುದ್ಧವಾದ ನೀರನ್ನು ಮತ್ತೆ ಎತ್ತಿ, ಇನ್ನಷ್ಟು ಶೋಧಿಸಿ, ಕ್ಲೋರಿನ್ ಬೆರೆಸದೆಯೇ ಮನೆಮನೆಗೆ ಕಳುಹಿಸುತ್ತಾರೆ. ಹೇಗ್ ಕಡೆಯ ಮನೆಗಳ ನಲ್ಲಿಯಿಂದ ಹಿಡಿದ ನೀರನ್ನು ಕಾಯಿಸದೆ ಕುಡಿಯಲು ಹಿಂಜರಿಯುವ ಹಿರಿಯರಿಗೆ ಈ ಕೊಳಗಳನ್ನು ತೋರಿಸಬೇಕು. ಕೆರೆ ಕಟ್ಟಿ ಬಾವಿಯ ಸೆಲೆ ಉಳಿಸಿದ ನಾಡಿನವರು ಅವರು. ಇಂಗುವ ನೀರಿನ ಲೆಕ್ಕ ನಮಗಿಂತ ಚೆನ್ನಾಗಿ ಅವರಿಗೆ ತಿಳಿಯುತ್ತದೆ. ದಾರಿ ಬಿಟ್ಟು ದಿಬ್ಬ ಹತ್ತಬೇಡಿರೆಂದು ಫಲಕಗಳಲ್ಲಿ ಬರೆದಿರುವುದರ ಕಾರಣವೂ ಆಗ ಮಕ್ಕಳಿಗೆ ಅರ್ಥವಾಗುತ್ತದೆ. ಮರಳನ್ನು ಹಿಡಿದಿಡುವುದು ಅಲ್ಲಿ ಬೆಳೆದ ಹುಲ್ಲಿನ ಬೇರು. ಹುಲ್ಲು ಸತ್ತರೆ ಗಾಳಿ ದಿಬ್ಬವನ್ನೇ ಹೊತ್ತೊಯ್ಯುತ್ತದೆ.

ನಗರದ ದಕ್ಷಿಣಕ್ಕೆ ಕೈಕ್‌ಡೌನ್ ಎಂಬ ಶಾಂತವಾದ ತೀರ. ಅಲ್ಲಿಂದ ಮುಂದೆ ತೆರ್ ಹೈಡೆಯ ಕಡೆಗೆ ನಡೆದರೆ 2011ರಲ್ಲಿ ಮಾಡಿದ ‘ಮರಳಿನ ಇಂಜಿನ್’ ಸಿಗುತ್ತದೆ. ಕಡಲತಳದಿಂದ 2 ಕೋಟಿ 15 ಲಕ್ಷ ಘನ ಮೀಟರ್ ಮರಳನ್ನು ಎತ್ತಿ ತಂದು ಒಂದೇ ಕಡೆ ಕೊಕ್ಕೆಯ ಆಕಾರದ ಭೂಶಿರವನ್ನಾಗಿ ಸುರಿದರು. ಅಲೆ, ಗಾಳಿ, ಪ್ರವಾಹಗಳು ವರ್ಷಗಟ್ಟಲೆ ಆ ಮರಳನ್ನು ತೀರದುದ್ದಕ್ಕೂ ಹಂಚಲಿ ಎಂಬುದು ಉದ್ದೇಶ. ಕಡಲು ಕೊರೆಯುವ ಮರಳನ್ನು ಕಡಲಿನಿಂದಲೇ ಹಂಚಿಸುವ ಉಪಾಯ. ಈಗ ಅಲ್ಲಿ ಜನ ಗಾಳಿಪಟ ಹಾರಿಸುತ್ತಾರೆ, ಕಡಲತಳದ ಮರಳಿನೊಡನೆ ಮೇಲೆ ಬಂದ ಪ್ರಾಚೀನ ಪ್ರಾಣಿಗಳ ಮೂಳೆಯ ಚೂರುಗಳನ್ನು ಮಕ್ಕಳು ಹುಡುಕುತ್ತಾರೆ.

ನಮ್ಮ ಕಡಲು

ಈ ಸಭೆಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳವರು ಅನೇಕರಿದ್ದೀರಿ. ಕಡಲ್ಕೊರೆತ ಎಂಬ ಪದದ ಅರ್ಥವನ್ನು ನಿಮಗೆ ಹೇಳಬೇಕಾಗಿಲ್ಲ. ಉಳ್ಳಾಲದಲ್ಲಿ ಮನೆಗಳೂ ತೆಂಗಿನ ಮರಗಳೂ ಕಡಲಿಗೆ ಬಿದ್ದುದನ್ನು, ಮಳೆಗಾಲ ಬಂದಂತೆಲ್ಲ ಲಾರಿಗಳಲ್ಲಿ ಬಂಡೆ ತಂದು ಸುರಿದುದನ್ನು ಕಣ್ಣಾರೆ ಕಂಡವರು ನಮ್ಮಲ್ಲಿದ್ದಾರೆ. 2010ರ ಬಳಿಕ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಅಲ್ಲಿ ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟುವ ಯೋಜನೆ ನಡೆಯಿತು. ಇತ್ತ ವಿಹಾರದ ದೃಷ್ಟಿಯಿಂದಲೂ ನಮ್ಮ ತೀರ ಹೆಸರು ಗಳಿಸುತ್ತಿದೆ. 2020ರಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ ‘ನೀಲಿ ಬಾವುಟ’ದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಡಚ್ಚರು ಮಾಡಿದುದನ್ನು ನಾವೂ ಹಾಗೆಯೇ ಮಾಡಬೇಕೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಇವರ ಕಡಲು ಬೇರೆ, ನಮ್ಮ ಮಳೆಗಾಲದ ಕಡಲು ಬೇರೆ. ನಮ್ಮಲ್ಲಿ ಆಷಾಢದ ಅಲೆ ಕೊಂಡೊಯ್ದ ಮರಳಿನಲ್ಲಿ ಬಹುಪಾಲನ್ನು ಮಳೆ ಕಳೆದ ಮೇಲೆ ಕಡಲೇ ಮರಳಿ ತಂದು ಹಾಕುವುದನ್ನು ಹಳೆಯ ಮೀನುಗಾರರು ಬಲ್ಲರು. ಇವರೂ ಹುಟ್ಟಿನಿಂದ ಜಾಣರಾಗಿರಲಿಲ್ಲ. 1953ರ ಪ್ರವಾಹದಲ್ಲಿ ಈ ದೇಶದಲ್ಲಿ 1836 ಮಂದಿ ಸತ್ತರು. ದಿಬ್ಬವನ್ನು ಕಡಿದು ಹೋಟೆಲು ಕಟ್ಟಿದವರೂ ಇವರೇ. ಆದರೆ ಒಂದು ಮಾತು ನಿಜ. ತೀರವೆಂದರೆ ನಾಲ್ಕು ದಿನ ಮೋಜು ಮಾಡಿ ಬಿಟ್ಟುಬರುವ ಜಾಗವಲ್ಲ, ಮೀನುಗಾರನ ಅಂಗಳ, ಊರಿನ ಒಡ್ಡು, ಬಾವಿಯ ಕಾವಲು ಎಂಬುದನ್ನು ಇವರು ಬಹಳ ಬೆಲೆ ತೆತ್ತು ಕಲಿತರು. ಗಾಳಿಮರದ ತೋಪು ಕಡಿದು ರೆಸಾರ್ಟು ಕಟ್ಟಲು ಹೊರಟಾಗ ಆ ಪಾಠವನ್ನು ನೆನಪಿಸಬಲ್ಲವರು ನಮ್ಮ ನಡುವೆ ಇರಬೇಕು. ಇಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಒಬ್ಬರಿಬ್ಬರು ನಾಳೆ ನೀರಿನ, ತೀರದ ವಿದ್ಯೆಯನ್ನು ಓದಬಹುದು. ಆಗ ಅವರಿಗೆ ಅಜ್ಜ ಹೇಳಿದ ಆಷಾಢದ ಕಡಲಿನ ಕತೆಯೂ ತಿಳಿದಿದ್ದರೆ ಅದಕ್ಕಿಂತ ದೊಡ್ಡ ಲಾಭವಿಲ್ಲ.

ಕೆಲವು ವ್ಯಾವಹಾರಿಕ ಮಾತುಗಳು

ಒಂದು ದಿನಕ್ಕೆ ಎರಡು ಸ್ಥಳ ಸಾಕು. ಬೆಳಿಗ್ಗೆ ಒಂದು ಸಂಗ್ರಹಾಲಯ, ಮಧ್ಯಾಹ್ನ ಕಡಲು. ಜೂನ್ ತಿಂಗಳಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಗೆ, ಅವಸರಕ್ಕೆ ಕಾರಣವಿಲ್ಲ. ಬಿಸಿಲಿದ್ದರೂ ಗಾಳಿ ತಣ್ಣಗಿರುತ್ತದೆ. ಕಿವಿ ಮುಚ್ಚುವ ಟೋಪಿ ಅಥವಾ ಶಾಲು ಇರಲೇಬೇಕು. ಒಣ ಮರಳಿನಲ್ಲಿ ನಡೆಯುವುದು ಮಂಡಿಗೆ ಕಷ್ಟ, ನೀರಿನಂಚಿನ ಗಟ್ಟಿ ಮರಳು ಸುಲಭ. ಕೆಂಪು ಬಣ್ಣದ ದಾರಿ ಸೈಕಲ್ಲಿನವರದೆಂದು ಮೊದಲ ದಿನವೇ ಹೇಳಿಬಿಡಿ. ನಮ್ಮ ಹಿರಿಯರು ಮಾತಾಡುತ್ತ ಅದರ ಮೇಲೆಯೇ ನಿಲ್ಲುತ್ತಾರೆ.

ನೀರಿಗಿಳಿಯುವವರು ಜೀವರಕ್ಷಕರಿರುವ ಕಡೆ ಮಾತ್ರ ಇಳಿಯಬೇಕು. ಹಳದಿ ಬಾವುಟವೆಂದರೆ ಅಪಾಯ, ಕೆಂಪು ಬಾವುಟವೆಂದರೆ ನಿಷೇಧ. ಕಲ್ಲಿನ ಅಡ್ಡಗಟ್ಟೆಗಳ ಬಳಿ ನೀರು ಒಳಕ್ಕೆ ಸೆಳೆಯುತ್ತದೆ, ಮಕ್ಕಳನ್ನು ಅಲ್ಲಿಗೆ ಬಿಡಬಾರದು. ದಿಬ್ಬಗಳ ಹುಲ್ಲಿನಲ್ಲಿ ಉಣ್ಣೆಹುಳಗಳಿರುತ್ತವೆ. ಮನೆಗೆ ಬಂದ ಮೇಲೆ ಮಕ್ಕಳ ಕಾಲು ಮೊಣಕಾಲು ಪರೀಕ್ಷಿಸಬೇಕು. ಸಸ್ಯಾಹಾರಿಗಳು ಚಿತ್ರಾನ್ನವನ್ನೋ ಪುಳಿಯೋಗರೆಯನ್ನೋ ಕಟ್ಟಿಕೊಂಡು ಹೋಗುವುದು ಮೇಲು, ಏಕೆಂದರೆ ಇಲ್ಲಿನ ಪ್ಯಾನ್‌ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಆದರೆ ಬುತ್ತಿಯನ್ನು ಬಯಲಿನಲ್ಲಿ ಬಿಚ್ಚುವಾಗ ಎಚ್ಚರ. ಸ್ಖೇವನಿಂಗನ್ನಿನ ಕಡಲಹಕ್ಕಿಗಳಿಗೆ ಮಡಿಮೈಲಿಗೆಯ ಭೇದವಿಲ್ಲ, ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.

ಮಕ್ಕಳು ಮದುರೋಡಾಮ್ ಬೇಕೆಂದು ಹಟ ಹಿಡಿಯುತ್ತಾರೆ. ಧಾರಾಳವಾಗಿ ಕರೆದೊಯ್ಯಿರಿ. 1952ರಲ್ಲಿ ತೆರೆದ ಆ ಪುಟಾಣಿ ನಗರ, ಯುದ್ಧದಲ್ಲಿ ಹೋರಾಡಿ 1945ರಲ್ಲಿ ಡಾಖಾವ್ ಸೆರೆಶಿಬಿರದಲ್ಲಿ ತೀರಿಕೊಂಡ ಜಾರ್ಜ್ ಮದುರೋ ಎಂಬ ತರುಣನ ನೆನಪಿಗಾಗಿ ಆತನ ತಂದೆತಾಯಿ ಕೊಟ್ಟ ಹಣದಿಂದ ಆರಂಭವಾದುದೆಂದು ಮಾತ್ರ ಹೇಳಲು ಮರೆಯಬೇಡಿ. ಅಲ್ಲಿಯೂ ಆಟದ ಹಿಂದೆ ಇನ್ನೊಂದು ಕೆಲಸವಿದೆ.

ಕೊನೆಯದಾಗಿ ಸಂಘಕ್ಕೆ ಒಂದು ಸೂಚನೆ. ಈ ಬೇಸಗೆಯಲ್ಲಿ ಅತಿಥಿಗಳಿರುವ ಪ್ರತಿಯೊಂದು ಮನೆಯವರೂ ಒಂದು ದಿನ ಈ ದಾರಿಯಲ್ಲಿ ಹೋಗಿ ಬರಲಿ. ಫಲಕಗಳಲ್ಲಿ ಡಚ್ಚಿನಲ್ಲಿರುವುದನ್ನು ಮಕ್ಕಳು ಕನ್ನಡದಲ್ಲಿ ಓದಿ ಹೇಳಲಿ. ಅದಕ್ಕೆ ಪ್ರತಿಯಾಗಿ ಹಿರಿಯರು ತಮ್ಮ ಊರಿನ ಕಡಲನ್ನೋ ಕೆರೆಯನ್ನೋ ಕುರಿತು ಹೇಳಲಿ. ಕೇಳಿದುದನ್ನು ಮಕ್ಕಳು ಒಂದು ಪುಟ ಕನ್ನಡದಲ್ಲಿ ಬರೆದು ನಮ್ಮ ಪತ್ರಿಕೆಯ ಮುಂದಿನ ಸಂಚಿಕೆಗೆ ಕೊಡಲಿ. ಕಾಗುಣಿತ ತಪ್ಪಿದರೆ ಸಂಪಾದಕರು ತಿದ್ದಿಕೊಳ್ಳುತ್ತಾರೆ. ಬರೆಯದೆ ಉಳಿದ ಕತೆಯನ್ನು ತಿದ್ದಲು ಮಾತ್ರ ಯಾರಿಂದಲೂ ಆಗದು.